ಕರ್ರಿ ಫ್ಲೋ ಶೂ: ಮರದ ಅಂಕಣದಲ್ಲಿ ರಾಜ, ಸಿಮೆಂಟ್ ನೆಲದಲ್ಲಿ ದುಬಾರಿ ಸೀಮೆಸುಣ್ಣ

ಅಂಗಡಿಯಲ್ಲಿ ಈ ಶೂ ಕೈಗೆ ಸಿಕ್ಕರೆ ಮೊದಲು ಮಗುಚಿ ಹಿಡಿದು ಅಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ. ಉಗುರಿನ ಗುರುತು ಮೂಡುವಷ್ಟು ಮೆತ್ತಗಿರುತ್ತದೆ. ಮಾಮೂಲಿ ಬ್ಯಾಸ್ಕೆಟ್‌ಬಾಲ್ ಶೂನಲ್ಲಿ ನೆಲಕ್ಕೆ ತಾಗುವುದು ಗಟ್ಟಿ ರಬ್ಬರ್. ಅದರ ಮೇಲೆ ಫೋಮ್, ಎರಡನ್ನೂ ಹಿಡಿದಿಡಲು ಅಂಟು. ಅಂಡರ್ ಆರ್ಮರ್ ಕಂಪನಿ 2020ರ ಕೊನೆಯಲ್ಲಿ 160 ಡಾಲರ್ ಬೆಲೆಗೆ ಬಿಟ್ಟ ಕರ್ರಿ 8ರಲ್ಲಿ ಆ ರಬ್ಬರ್ ಪದರವನ್ನೇ ಕಿತ್ತುಹಾಕಿತು. ‘ಫ್ಲೋ’ ಅಂತ ಕರೆಯುವ ಒಂದೇ ಫೋಮ್ ಮೆತ್ತೆಯೂ ಹೌದು, ಅಟ್ಟೆಯೂ ಹೌದು. ಮುಂದೆ ಬಂದ ಫ್ಲೋ 9, ಫ್ಲೋ 10ರಲ್ಲೂ ಇದೇ ಏರ್ಪಾಡು. ಈ ಮೂರರ ಬಗ್ಗೆ ಇಲ್ಲಿ ಒಟ್ಟಿಗೆ ಬರೆದಿರುವುದು ಅದಕ್ಕೇ.

ರಬ್ಬರ್ ತೆಗೆದದ್ದು ಯಾಕೆ ಅಂತ ಅರ್ಥವಾಗಬೇಕಾದರೆ ಈ ಶೂಗೆ ಹೆಸರು ಕೊಟ್ಟ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಸ್ಟೆಫನ್ ಕರ್ರಿಯ ಕಾಲನ್ನು ನೋಡಬೇಕು. 2009ರಲ್ಲಿ ಅಮೆರಿಕದ ಎನ್‌ಬಿಎ ಲೀಗಿನ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಪದ್ಧತಿ) ಏಳನೆಯವನಾಗಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡ ಸೇರಿದ ಹುಡುಗ ಎರಡೇ ವರ್ಷಕ್ಕೆ ಬಲಪಾದದ ಕೀಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ. 2012ರಲ್ಲಿ ಅದೇ ಕೀಲಿಗೆ ಇನ್ನೊಂದು. 2011-12ರ ಸೀಸನ್ನಿನ 66 ಪಂದ್ಯಗಳಲ್ಲಿ ಅವನು ಆಡಿದ್ದು 26 ಮಾತ್ರ. ನಾಲ್ಕು ವರ್ಷಕ್ಕೆ 4.4 ಕೋಟಿ ಡಾಲರ್ ಒಪ್ಪಂದ ಆದಾಗ, ಈ ಕಾಲನ್ನು ನಂಬಿ ಅಷ್ಟು ದುಡ್ಡೇ ಅಂತ ಹುಬ್ಬೇರಿಸಿದವರೇ ಹೆಚ್ಚು. 2012-13ರಲ್ಲಿ 78 ಪಂದ್ಯ ಆಡಿ 272 ಮೂರಂಕದ ಬುಟ್ಟಿ ಹಾಕಿದ; ಒಂದು ಸೀಸನ್ನಿಗೆ ಅದು ಆಗಿನ ದಾಖಲೆ. 2015-16ರಲ್ಲಿ ಅದು 402ಕ್ಕೆ ಏರಿತು.

ಆ ಎಸೆತಗಳಲ್ಲಿ ಬಹಳಷ್ಟು ನಿಂತು ಹೊಡೆದವಲ್ಲ. ಪೂರ್ತಿ ಓಟದಲ್ಲಿರುವವನು ಗಕ್ಕನೆ ನಿಂತು, ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಎನ್‌ಬಿಎಯ 7.24 ಮೀಟರ್ ಮೂರಂಕದ ಗೆರೆಯ ಹಿಂದಿನಿಂದ ಚೆಂಡು ಬಿಡುತ್ತಾನೆ. (ನಮ್ಮ ಅಂಕಣಗಳಲ್ಲಿ ಎಳೆಯುವ, ಅಂತರರಾಷ್ಟ್ರೀಯ ಒಕ್ಕೂಟ ಫಿಬಾದ ಗೆರೆ 6.75 ಮೀಟರ್.) ನಿಲ್ಲುವ ಕ್ಷಣದಲ್ಲಿ ಪಾದ ಒಂದು ಬೆರಳಷ್ಟು ಜಾರಿದರೂ ಸೊಂಟ ವಾಲುತ್ತದೆ, ಎಸೆತ ಕೆಡುತ್ತದೆ. ಇಂಥ ಆಟಗಾರನಿಗೆ ಬೇಕಾದದ್ದು ಹಗುರವಾದ, ನೆಲಕ್ಕೆ ಹತ್ತಿರ ಕೂರಿಸುವ, ಅಂಟಿದ ಹಾಗೆ ಹಿಡಿಯುವ ಶೂ. ರಬ್ಬರ್ ತೆಗೆದರೆ ತೂಕ ಇಳಿಯುತ್ತದೆ, ಪಾದಕ್ಕೂ ನೆಲಕ್ಕೂ ನಡುವೆ ಒಂದು ಪದರ ಕಡಿಮೆಯಾಗುತ್ತದೆ, ಮೆತ್ತನೆ ಫೋಮ್ ಮರದ ಹಲಗೆಯನ್ನು ಕಚ್ಚಿ ಹಿಡಿಯುತ್ತದೆ.

ಹಿಡಿತದ ವಿಷಯದಲ್ಲಿ ಕೊಂಕು ತೆಗೆಯಲು ಜಾಗವಿಲ್ಲ. ಪಾಲಿಶ್ ಮಾಡಿದ ಮರದ ನೆಲದಲ್ಲಿ ಡಿಫೆನ್ಸ್‌ಗೆ ಅಡ್ಡಡ್ಡ ಸರಿಯುವಾಗ, ತಿರುಗಿ ಎದುರಾಳಿಯನ್ನು ಬೆನ್ನಟ್ಟುವಾಗ, ಎಲ್ಲೂ ಜಾರುವುದಿಲ್ಲ. ಒಳಾಂಗಣದ ಸಿಂಥೆಟಿಕ್ ನೆಲದಲ್ಲೂ ಚೆನ್ನಾಗಿದೆ. ತೀರಾ ಅಂಟುವ ಹೊಸ ನೆಲದಲ್ಲಿ ಮಾತ್ರ ಮೊದಲ ಎರಡು ಮೂರು ದಿನ ಹುಷಾರು: ಪಾದ ನಿಂತಲ್ಲೇ ನಿಂತು ಮಂಡಿ ಮಾತ್ರ ತಿರುಗಿದರೆ ಪೆಟ್ಟು ಮಂಡಿಗೆ. ಪಿವಟ್ (ಒಂದು ಕಾಲನ್ನು ನೆಲಕ್ಕೂರಿ ಅದರ ಮೇಲೆ ತಿರುಗುವುದು) ಮಾಡುವಾಗ ಹಿಮ್ಮಡಿ ಎತ್ತಿ, ಮುಂಗಾಲಿನ ಮೇಲೆ ತಿರುಗುವ ಅಭ್ಯಾಸ ಇರಲೇಬೇಕು.

ತೊಂದರೆ ಶುರುವಾಗುವುದು ಬಾಗಿಲಾಚೆ. 2017 ಮತ್ತು 2019ರ ಮಹಿಳಾ ಏಷ್ಯಾ ಕಪ್ ನಡೆದ ಬೆಂಗಳೂರಿನ ಕಂಠೀರವ ಒಳಾಂಗಣದಂಥ ಮರದ ಅಂಕಣ ನಮ್ಮಲ್ಲಿ ಎಷ್ಟು ಜನಕ್ಕೆ ದಿನಾ ಸಿಗುತ್ತದೆ? ಶಾಲೆ, ಕಾಲೇಜು, ಬಡಾವಣೆಯ ಪಾರ್ಕು ಎಲ್ಲ ಕಡೆ ಹೆಚ್ಚಾಗಿ ಸಿಮೆಂಟೇ. ಅದರ ಮೇಲ್ಮೈ ಉಪ್ಪುಕಾಗದದ ಹಾಗೆ. ರಬ್ಬರ್ ಅಟ್ಟೆ ತಿಂಗಳುಗಟ್ಟಲೆ ತಡೆಯುವ ಜಾಗದಲ್ಲಿ ಈ ಫೋಮ್ ಪುಡಿಪುಡಿಯಾಗಿ ಉದುರುತ್ತದೆ. ಮೊದಲು ಸವೆಯುವುದು ಹೆಬ್ಬೆರಳಿನ ಬುಡದ ಕೆಳಗೆ, ಅದರಲ್ಲೂ ನೀವು ಪಿವಟ್ ಮಾಡುವ ಕಾಲಿನದು. ಆಮೇಲೆ ಹಿಮ್ಮಡಿಯ ಹೊರಅಂಚು. ಅಟ್ಟೆಯ ಗೆರೆಗಳು ಆ ಜಾಗದಲ್ಲಿ ಮಾಯವಾಗಿ ನುಣ್ಣಗಾದರೆ ಹಿಡಿತವೂ ಹೋಯಿತು, ಮೆತ್ತೆಯೂ ತೆಳುವಾಯಿತು. ಎರಡೂ ಒಂದೇ ವಸ್ತುವಲ್ಲವೇ. ರಬ್ಬರ್ ಸವೆದರೆ ಒಳಗೆ ಫೋಮ್ ಆದರೂ ಉಳಿದಿರುತ್ತದೆ. ಇಲ್ಲಿ ಉಳಿಯುವುದಿಲ್ಲ. ಚಮ್ಮಾರರ ಹತ್ತಿರ ತೆಳು ರಬ್ಬರ್ ಅಂಟಿಸಿಕೊಳ್ಳೋಣ ಅನ್ನುವ ಉಪಾಯವೂ ಬೇಡ. ಬಗ್ಗುವ ಫೋಮಿನ ಮೇಲೆ ಬಗ್ಗದ ತೇಪೆ ನಿಲ್ಲುವುದಿಲ್ಲ, ನಿಂತರೂ ಕಾಲಡಿ ಸಮ ಇರುವುದಿಲ್ಲ.

ಅಳತೆ. ಕಂಪನಿಯ ಪಟ್ಟಿಯಲ್ಲಿ ಗಂಡಸರ ಯುಎಸ್ 9 ಅಂದರೆ ಯುಕೆ 8, ಅಂದರೆ 27 ಸೆಂಟಿಮೀಟರ್. ನಮ್ಮ ಅಂಗಡಿಗಳಲ್ಲಿ ಯುಕೆ ನಂಬರ್ ಹೇಳುತ್ತಾರೆ, ಆನ್‌ಲೈನ್‌ನಲ್ಲಿ ಯುಎಸ್ ತೋರಿಸುತ್ತಾರೆ. ಅರ್ಧ ಜನ ಎಡವುವುದು ಇಲ್ಲೇ. ಸಂಜೆ ಹೊತ್ತು, ಆಡುವಾಗ ಹಾಕುವ ದಪ್ಪ ಸಾಕ್ಸ್ ಹಾಕಿಕೊಂಡು, ಗೋಡೆಗೆ ಹಿಮ್ಮಡಿ ಒತ್ತಿ ನಿಂತು ಎರಡೂ ಪಾದ ಅಳೆಯಿರಿ. ದೊಡ್ಡ ಪಾದದ ಸೆಂಟಿಮೀಟರೇ ಲೆಕ್ಕಕ್ಕೆ. 8ರ ಮೇಲ್ಭಾಗ ಹೆಣೆದ ಬಟ್ಟೆಯಾದ್ದರಿಂದ ಸ್ವಲ್ಪ ಹಿಗ್ಗುತ್ತದೆ. 9 ಮತ್ತು 10ರಲ್ಲಿ ‘ವಾರ್ಪ್’ ಅನ್ನುವ ಪಟ್ಟಿಪಟ್ಟಿ ಹೆಣಿಗೆ ಇದೆ: ಅಡ್ಡ ಒತ್ತಡ ಬಿದ್ದ ಕಡೆ ಸೀಟ್‌ಬೆಲ್ಟಿನಂತೆ ಬಿಗಿದುಕೊಳ್ಳುತ್ತದೆ, ಹಿಗ್ಗುವುದು ಕಡಿಮೆ. ಅಗಲ ಪಾದದವರು ಇವನ್ನು ಹಾಕಿ ನೋಡದೆ ಕೊಳ್ಳಬೇಡಿ.

ಇನ್ನು, ‘ಕರ್ರಿ ಶೂ ಹಾಕಿದರೆ ಕಾಲು ಉಳುಕುವುದಿಲ್ಲ’ ಅನ್ನುವ ನಂಬಿಕೆ. ಕರ್ರಿಯ ಕಾಲನ್ನು ಉಳಿಸಿದ್ದು ಶೂ ಅಲ್ಲ. ವಾರಿಯರ್ಸ್‌ನ ಆಗಿನ ದೈಹಿಕ ತರಬೇತುದಾರ ಕೀಕಿ ಲೈಲ್ಸ್ ಒತ್ತು ಕೊಟ್ಟದ್ದು ಸೊಂಟ, ಪೃಷ್ಠದ ಬಲಕ್ಕೆ. ಓಟದ ವೇಗ ಇಳಿಸುವ ಕೆಲಸವನ್ನು ಪಾದದ ಕೀಲಿನಿಂದ ಸೊಂಟಕ್ಕೆ ದಾಟಿಸುವುದು ಲೆಕ್ಕಾಚಾರ. ಅದಕ್ಕೆ ಡೆಡ್‌ಲಿಫ್ಟ್, ಅಂದರೆ ನೆಲದಲ್ಲಿರುವ ಭಾರವನ್ನು ನೆಟ್ಟಗೆ ನಿಲ್ಲುವವರೆಗೆ ಎತ್ತುವ ವ್ಯಾಯಾಮ. ಸುಮಾರು 84 ಕಿಲೋ ತೂಗುವ ಕರ್ರಿ 400 ಪೌಂಡ್, ಅಂದರೆ 180 ಕಿಲೋ ಎತ್ತುವಷ್ಟು ಬಲಗೊಂಡ. ಮೇಲಾಗಿ ಎರಡೂ ಕಾಲಿಗೆ ಗಟ್ಟಿ ಬ್ರೇಸ್ (ಪಾದದ ಕೀಲಿಗೆ ಆಸರೆ ಕೊಡುವ ಪಟ್ಟಿ) ಕಟ್ಟಿಕೊಂಡೇ ಆಡುತ್ತಾನೆ. ನೀವೂ ಬ್ರೇಸ್ ಹಾಕುವವರಾದರೆ ಶೂ ಅರ್ಧ ನಂಬರ್ ದೊಡ್ಡದು ತೆಗೆದುಕೊಳ್ಳಿ. ಮೊದಲು ಸಾಕ್ಸ್, ಅದರ ಮೇಲೆ ಬ್ರೇಸ್, ಆಮೇಲೆ ಲೇಸನ್ನು ಬುಡದವರೆಗೆ ಸಡಿಲಿಸಿ ಶೂ.

ಬ್ರೇಸ್ ಇಲ್ಲದವರು ಹಿಮ್ಮಡಿ ಮೇಲೇಳದಂತೆ ಲೇಸ್ ಕಟ್ಟುವುದು ಕಲಿಯಬೇಕು. ಲೇಸನ್ನು ಕೊನೆಯದರ ಹಿಂದಿನ ತೂತಿನವರೆಗೆ ಎಂದಿನಂತೆ ಏರಿಸಿ. ಅಲ್ಲಿಂದ ಅಡ್ಡ ದಾಟಿಸದೆ ಅದೇ ಬದಿಯ ಕೊನೆಯ ತೂತಿಗೆ ಹೊರಗಿನಿಂದ ಒಳಕ್ಕೆ ತೂರಿಸಿದರೆ ಎರಡೂ ಬದಿ ಚಿಕ್ಕ ಕುಣಿಕೆ ಉಳಿಯುತ್ತದೆ. ಎಡದ ಲೇಸನ್ನು ಬಲಗುಣಿಕೆಯಲ್ಲಿ, ಬಲದ್ದನ್ನು ಎಡಗುಣಿಕೆಯಲ್ಲಿ ತೂರಿಸಿ, ಹಿಮ್ಮಡಿಯನ್ನು ನೆಲಕ್ಕೆ ಒತ್ತಿಕೊಂಡು ಕೆಳಮುಖವಾಗಿ ಎಳೆದು ಗಂಟು ಹಾಕಿ. ಪಾದದ ಮೇಲ್ಭಾಗ ಜುಮ್ ಅನ್ನತೊಡಗಿದರೆ ಬಿಗಿ ಹೆಚ್ಚಾಯಿತು ಅಂತ.

ಸ್ವಚ್ಛ ಮಾಡಲು ಒದ್ದೆ ಬಟ್ಟೆ ಸಾಕು, ಆಟದ ನಡುವೆ ಅಟ್ಟೆ ಒರೆಸಲೂ ಅದೇ. ವಾಷಿಂಗ್ ಮೆಷಿನ್ ಬೇಡ, ಬಿಸಿಲಿಗೆ ಒಣಹಾಕುವುದು ಬೇಡ, ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಡುವುದಂತೂ ಬೇಡವೇ ಬೇಡ.

ಈಗ ಕೊಳ್ಳುವುದಾದರೆ ಒಂದು ಮಾತು. 2025ರ ನವೆಂಬರಿನಲ್ಲಿ ಕರ್ರಿಯೂ ಅಂಡರ್ ಆರ್ಮರೂ ಬೇರೆಯಾಗುವುದಾಗಿ ಪ್ರಕಟಿಸಿದರು. 13ನೆಯದೇ ಈ ಜೋಡಿಯ ಕೊನೆಯ ಮಾದರಿ. 8, 9, 10 ಸಿಕ್ಕರೂ ಹಳೇ ದಾಸ್ತಾನೇ. ರಿಯಾಯಿತಿ ನೋಡಿ ಹಿಗ್ಗುವ ಮುಂಚೆ ಮೇಲ್ಭಾಗ ಮತ್ತು ಫೋಮ್ ಸೇರುವ ಅಂಚನ್ನು ಸುತ್ತಲೂ ಬೆರಳಾಡಿಸಿ ನೋಡಿ, ಅಂಟು ಬಿಟ್ಟ ಸೀಳು ಇದ್ದರೆ ವಾಪಸ್ ಇಡಿ. ಅಟ್ಟೆಗೆ ಬೇರೆಯಾಗಿ ಅಂಟಿಸಿದ ರಬ್ಬರ್ ಇರುವ ‘ಕರ್ರಿ 8’ ತೋರಿಸಿದರೆ ಅದು ನಕಲಿ. ವಾರಕ್ಕೆರಡು ದಿನ ಮರದ ಅಂಕಣ ಸಿಗುವವರಿಗೆ ಫ್ಲೋ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಅಂಕಣದ ಬಾಗಿಲಲ್ಲಿ ಹಾಕಿ ಅಲ್ಲೇ ಬಿಚ್ಚಿ ಚೀಲಕ್ಕೆ ಸೇರಿಸಿ. ಸಿಮೆಂಟಿನಲ್ಲೇ ಆಡುವವರು ಕರ್ರಿ ಹೆಸರೇ ಬೇಕೆಂದರೆ ಇದೇ ಕಂಪನಿಯ, ರಬ್ಬರ್ ಅಟ್ಟೆಯ, ಬೆಲೆಯೂ ಕಡಿಮೆ ಇರುವ ‘3ಝಡ್’ ಸಾಲಿನ ಶೂ ನೋಡಬಹುದು.