ಓವರ್‌ಡ್ರಾಫ್ಟ್ ಪೆಟ್ಟು ಬಿದ್ದ ಮೇಲೆ ಬ್ಯಾಂಕ್ ಬದಲಿಸಿದೆ: ಬ್ರಿಟನ್ನಿನ ಕರೆಂಟ್ ಅಕೌಂಟ್ ಸ್ವಿಚ್ ಸರ್ವಿಸ್, ಎರಡು ಸಲ ಬಳಸಿದವಳ ಅನುಭವ

ನಮ್ಮೂರಲ್ಲಿ ಕರೆಂಟ್ ಅಕೌಂಟ್ ಅಂದರೆ ಅಂಗಡಿ, ವ್ಯಾಪಾರ ಇರುವವರ ಖಾತೆ. ಬ್ರಿಟನ್ನಿನಲ್ಲಿ ಸಂಬಳ ಬೀಳುವುದು, ಬಾಡಿಗೆ ಹೋಗುವುದು, ತರಕಾರಿಗೆ ಕಾರ್ಡ್ ಉಜ್ಜುವುದು ಎಲ್ಲವೂ ಕರೆಂಟ್ ಅಕೌಂಟ್‌ನಲ್ಲೇ. ಮಿನಿಮಮ್ ಬ್ಯಾಲೆನ್ಸ್ ಕಾಟ ಸಾಮಾನ್ಯವಾಗಿ ಇಲ್ಲ. ರೆಡಿಂಗ್‌ಗೆ ಬಂದ ಹೊಸದರಲ್ಲಿ ಇದು ಕೇಳಿ ನನಗೆ ತುಂಬಾ ಖುಷಿಯಾಗಿತ್ತು. ಖಾತೆಯಲ್ಲಿ ದುಡ್ಡು ಮುಗಿದರೂ ದುಡ್ಡು ಹೋಗುತ್ತಲೇ ಇರಬಹುದು ಅನ್ನುವುದು ಆಗ ಗೊತ್ತಿರಲಿಲ್ಲ.

2018ರ ಮೇ ತಿಂಗಳು. ದಾವಣಗೆರೆಯಲ್ಲಿ ಅಮ್ಮನಿಗೆ ಕಣ್ಣಿನ ಆಪರೇಷನ್ ಇತ್ತು. ಆ್ಯಪ್ ತೆರೆದು ನೋಡಿದೆ. 'ಅವೈಲಬಲ್ ಬ್ಯಾಲೆನ್ಸ್' 480 ಪೌಂಡ್ ಅಂತ ತೋರಿಸುತ್ತಿತ್ತು. ಅದರಲ್ಲಿ 400 ಪೌಂಡ್ ಊರಿಗೆ ಕಳಿಸಿದೆ. ತಿಂಗಳ ಕೊನೆಗೆ ಸಂಬಳ ಬರುತ್ತದಲ್ಲ ಅಂತ ನಿಶ್ಚಿಂತೆಯಿಂದ ಇದ್ದೆ.

ಆ 480ರಲ್ಲಿ ನನ್ನ ಸ್ವಂತ ದುಡ್ಡು ಬರೀ 180. ಉಳಿದ 300 ಪೌಂಡ್, ಖಾತೆ ತೆರೆದಾಗ ಬ್ಯಾಂಕ್ ಕೊಟ್ಟಿದ್ದ ಓವರ್‌ಡ್ರಾಫ್ಟ್ ಮಿತಿ. ಅಂದರೆ ಸಾಲ. ನನ್ನ ದುಡ್ಡನ್ನೂ ಅವರ ಸಾಲವನ್ನೂ ಕೂಡಿಸಿ ಒಂದೇ ಸಂಖ್ಯೆಯಾಗಿ ತೋರಿಸುತ್ತಿದ್ದರು. ಅಮ್ಮನಿಗೆ ದುಡ್ಡು ಕಳಿಸಿದ ಮೇಲೆ ನಾನು ಮೈನಸ್ 220ರಲ್ಲಿದ್ದೆ. 25ಕ್ಕೆ ಕೌನ್ಸಿಲ್ ಟ್ಯಾಕ್ಸ್‌ನ (ಸ್ಥಳೀಯ ಆಡಳಿತಕ್ಕೆ ಕಟ್ಟುವ ತೆರಿಗೆ) ಡೈರೆಕ್ಟ್ ಡೆಬಿಟ್, ಅಂದರೆ ನಮ್ಮ ಒಪ್ಪಿಗೆಯ ಮೇಲೆ ಅವರೇ ಖಾತೆಯಿಂದ ಎಳೆದುಕೊಳ್ಳುವ ಪಾವತಿ, 132 ಪೌಂಡ್ ಹೋಯಿತು. ಮೈನಸ್ 352. ಒಪ್ಪಿದ ಮಿತಿಗಿಂತ 52 ಪೌಂಡ್ ಜಾಸ್ತಿ. ಇದಕ್ಕೆ ಇಲ್ಲಿ 'ಅನ್‌ಅರೇಂಜ್ಡ್ ಓವರ್‌ಡ್ರಾಫ್ಟ್' ಅನ್ನುತ್ತಾರೆ. ನನ್ನ ಬ್ಯಾಂಕ್ ಅದಕ್ಕೆ ದಿನಕ್ಕೆ 6 ಪೌಂಡ್ ಹಾಕುತ್ತಿತ್ತು.

25 ಶುಕ್ರವಾರ. ಆಮೇಲೆ ಶನಿವಾರ, ಭಾನುವಾರ, ಸೋಮವಾರ ಬ್ಯಾಂಕ್ ಹಾಲಿಡೇ. ಸಂಬಳ ಬಂದದ್ದು 31ಕ್ಕೆ. ಆರು ರಾತ್ರಿಗೆ 36 ಪೌಂಡ್! ರಜೆಯ ದಿನಗಳನ್ನೂ ಬಿಡಲಿಲ್ಲ. 52 ಪೌಂಡ್ ಸಾಲಕ್ಕೆ ಆರು ದಿನದಲ್ಲಿ 36 ಪೌಂಡ್ ದಂಡ ಅಂದರೆ ಹೊಟ್ಟೆ ಉರಿಯುತ್ತದೆ, ಅಲ್ವಾ? ಬ್ಯಾಂಕ್ ಎಚ್ಚರಿಕೆಯ ಮೆಸೇಜ್ ಕಳಿಸಿತ್ತಂತೆ, ಆದರೆ ನನ್ನ ಹಳೆಯ ಸಿಮ್ ನಂಬರಿಗೆ. ನಂಬರ್ ಬದಲಿಸಿದಾಗ ಬ್ಯಾಂಕಿಗೆ ಹೇಳದೇ ಇದ್ದದ್ದು ನನ್ನ ತಪ್ಪು. ನಿಮ್ಮ ನಂಬರ್ ಬದಲಾಗಿದ್ದರೆ ದಯವಿಟ್ಟು ಇವತ್ತೇ ಸರಿ ಮಾಡಿಸಿ.

ಜೂನ್‌ನಲ್ಲಿ ಶುಲ್ಕದ ಕಾಗದ ಬಂದಾಗ ಫೋನ್ ಮಾಡಿದೆ. ಮೊದಲು ಆಗುವುದಿಲ್ಲ ಅಂದರು. ಪರಿಸ್ಥಿತಿ ವಿವರಿಸಿ, ಲಿಖಿತ ದೂರು ಕೊಡುತ್ತೇನೆ ಅಂದ ಮೇಲೆ ಅರ್ಧ, ಅಂದರೆ 18 ಪೌಂಡ್, ವಾಪಸ್ ಕೊಟ್ಟರು. ಹಾಗಾಗಿ ಸುಮ್ನೆ ಇರಬೇಡಿ, ಕೇಳಿ. ದೂರು ಕೊಟ್ಟರೆ ಬ್ಯಾಂಕಿಗೆ ಉತ್ತರಿಸಲು 8 ವಾರ ಸಮಯ. ಉತ್ತರ ಒಪ್ಪಿಗೆಯಾಗದಿದ್ದರೆ ಆರು ತಿಂಗಳ ಒಳಗೆ ಫೈನಾನ್ಷಿಯಲ್ ಓಂಬುಡ್ಸ್‌ಮನ್ ಸರ್ವಿಸ್‌ಗೆ (ಬ್ಯಾಂಕ್ ಮತ್ತು ಗ್ರಾಹಕರ ಜಗಳ ಬಗೆಹರಿಸುವ ಸಂಸ್ಥೆ) ಹೋಗಬಹುದು. ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಆ ಬ್ಯಾಂಕಿನ ಮೇಲಿದ್ದ ನಂಬಿಕೆ ಮಾತ್ರ ಹೋಗಿತ್ತು. ಆದರೂ ಬದಲಿಸಲು ಭಯ. ಬಾಡಿಗೆ, ಗ್ಯಾಸು, ಕರೆಂಟು, ಕಾರ್ ಇನ್ಶೂರೆನ್ಸ್ ಎಲ್ಲವೂ ಆ ಖಾತೆಗೆ ಕಟ್ಟಿಕೊಂಡಿತ್ತು. ಒಂದು ತಪ್ಪಿದರೂ ಮತ್ತೆ ದಂಡ. ಆಫೀಸಿನ ಗೆಳತಿಯೊಬ್ಬರು ಈ ಕರೆಂಟ್ ಅಕೌಂಟ್ ಸ್ವಿಚ್ ಸರ್ವಿಸ್ ಬಗ್ಗೆ ಹೇಳಿದರು: ಹಳೆಯ ಖಾತೆಯ ದುಡ್ಡು, ಪಾವತಿಗಳನ್ನೆಲ್ಲ ಹೊಸ ಬ್ಯಾಂಕೇ ತನ್ನಲ್ಲಿಗೆ ಸಾಗಿಸಿಕೊಳ್ಳುವ ವ್ಯವಸ್ಥೆ. 2013ರ ಸೆಪ್ಟೆಂಬರ್‌ನಲ್ಲಿ ಶುರುವಾದದ್ದು. ದೊಡ್ಡ ಬ್ಯಾಂಕ್‌ಗಳೆಲ್ಲ ಇದರಲ್ಲಿವೆ.

ಮೊದಲು ಓವರ್‌ಡ್ರಾಫ್ಟ್ ಪೂರ್ತಿ ತೀರಿಸಿದೆ. ಮೈನಸ್‌ನಲ್ಲಿದ್ದರೂ ಬದಲಿಸಬಹುದು, ಆದರೆ ಆ ಸಾಲವನ್ನು ಏನು ಮಾಡುವುದು ಅಂತ ಹೊಸ ಬ್ಯಾಂಕಿನ ಜೊತೆ ಮೊದಲೇ ಮಾತಾಡಿಕೊಳ್ಳಬೇಕು. ನಾನು ಹಳೆಯ ಬ್ಯಾಂಕಿಗೆ ಒಂದು ಫೋನೂ ಮಾಡಲಿಲ್ಲ. ಹೊಸ ಬ್ಯಾಂಕಿಗೆ ಹಳೆಯ ಸಾರ್ಟ್ ಕೋಡ್ (ಬ್ಯಾಂಕ್, ಶಾಖೆ ಗುರುತಿಸುವ ಸಂಖ್ಯೆ), ಅಕೌಂಟ್ ನಂಬರ್, ಕಾರ್ಡ್ ವಿವರ ಕೊಟ್ಟೆ, ತಾರೀಖು ಆರಿಸಿದೆ. ಅಷ್ಟೇ. ಜುಲೈ 2ಕ್ಕೆ ಶುರು ಮಾಡಿದ್ದು 11ಕ್ಕೆ ಮುಗಿಯಿತು. ಏಳು ಕೆಲಸದ ದಿನ ಅಂದಿದ್ದರು, ಹಾಗೇ ಆಯಿತು. ಬೆಳಿಗ್ಗೆ ಎದ್ದು ನೋಡಿದರೆ ಹಳೆಯ ಖಾತೆ ಮುಚ್ಚಿತ್ತು, ಇದ್ದ ದುಡ್ಡು ಹೊಸದಕ್ಕೆ ಬಂದಿತ್ತು, ಡೈರೆಕ್ಟ್ ಡೆಬಿಟ್‌ಗಳೂ ಸ್ಟ್ಯಾಂಡಿಂಗ್ ಆರ್ಡರ್‌ಗಳೂ (ಇಷ್ಟು ದಿನಕ್ಕೊಮ್ಮೆ ಇಷ್ಟು ಕಳಿಸಿ ಅಂತ ನಾವೇ ಬ್ಯಾಂಕಿಗೆ ಹೇಳಿಟ್ಟ ಪಾವತಿ) ಒಂದೂ ಬಿಡದೆ ಬಂದಿದ್ದವು. ನಿಜವಾಗಿಯೂ ಕಣ್ಣಲ್ಲಿ ನೀರು ಬಂತು, ಅಷ್ಟು ದಿನ ಹೆದರಿದ್ದೆ. ತಾರೀಖು ಆರಿಸುವಾಗ ಸಂಬಳ, ಬಾಡಿಗೆ ಎರಡೂ ಇಲ್ಲದ, ತಿಂಗಳ ನಡುವಿನ ದಿನ ನೋಡಿಕೊಳ್ಳಿ.

ಬದಲಾವಣೆಯಲ್ಲಿ ಏನಾದರೂ ತಪ್ಪಾಗಿ ಬಡ್ಡಿಯೋ ಶುಲ್ಕವೋ ಬಿದ್ದರೆ ಹೊಸ ಬ್ಯಾಂಕ್ ಅದನ್ನು ತುಂಬಿಕೊಡಬೇಕು ಅನ್ನುವ ಗ್ಯಾರಂಟಿ ಇದೆ. ನನಗೆ ಅದರ ಅಗತ್ಯ ಬರಲಿಲ್ಲ. ಹಳೆಯ ಖಾತೆಗೆ ಯಾರಾದರೂ ದುಡ್ಡು ಹಾಕಿದರೆ ಕನಿಷ್ಠ 3 ವರ್ಷ ಅದು ತಾನಾಗಿ ಹೊಸದಕ್ಕೆ ಬರುತ್ತದೆ. ಇದನ್ನು ಮಾತ್ರ ಕಣ್ಣಾರೆ ಕಂಡೆ. 2020ರಲ್ಲಿ ಮನೆ ಬದಲಿಸಿದಾಗ ಹಳೆಯ ಕರೆಂಟ್ ಕಂಪನಿಯವರು ಉಳಿಕೆ ದುಡ್ಡನ್ನು ಹಳೆಯ ಖಾತೆಗೇ ಕಳಿಸಿದ್ದರು. ಎರಡು ವರ್ಷದ ಹಿಂದೆ ಮುಚ್ಚಿದ ಖಾತೆ. ದುಡ್ಡು ನೆಟ್ಟಗೆ ನನ್ನ ಹೊಸ ಖಾತೆಗೆ ಬಂತು.

ಬಾರದೇ ಇರುವುದು ಕಾರ್ಡ್ ನಂಬರ್ ಮೇಲೆ ಕಟ್ಟಿದ ಪಾವತಿಗಳು. ಸಿನಿಮಾ ನೋಡುವ ಆ್ಯಪ್, ಜಿಮ್, ಊರಿಗೆ ದುಡ್ಡು ಕಳಿಸುವ ಆ್ಯಪ್. ಇವು ಡೈರೆಕ್ಟ್ ಡೆಬಿಟ್ ಅಲ್ಲ, ಹಾಗಾಗಿ ಒಂದೊಂದಕ್ಕೂ ನಾವೇ ಹೊಸ ಕಾರ್ಡ್ ಕೊಡಬೇಕು. ಹಿಂದಿನ ಎರಡು ಮೂರು ತಿಂಗಳ ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು ಪಟ್ಟಿ ಮಾಡಿ. ವರ್ಷಕ್ಕೊಮ್ಮೆ ಹೋಗುವಂಥವು ಅದರಲ್ಲಿ ಕಾಣುವುದಿಲ್ಲ, ಅವನ್ನು ನೆನಪಿಸಿಕೊಂಡು ಸೇರಿಸಿ.

2022ರಲ್ಲಿ ಎರಡನೇ ಸಲ ಬದಲಿಸಿದೆ. ನಮ್ಮನೆಯವರ ಜೊತೆ ಜಾಯಿಂಟ್ ಖಾತೆ ಬೇಕಿತ್ತು. ಒಬ್ಬರ ಖಾತೆಯನ್ನು ಜಾಯಿಂಟ್‌ಗೆ ಬದಲಿಸಬಹುದು, ಜಾಯಿಂಟ್‌ನಿಂದ ಒಬ್ಬರ ಖಾತೆಗೆ ಆಗುವುದಿಲ್ಲ. ಅದೂ ಏಳು ದಿನದಲ್ಲಿ ಆಯಿತು, ಹೇಳುವಂಥದ್ದೇನೂ ನಡೆಯಲಿಲ್ಲ. ಬದಲಿಸಿದ್ದಕ್ಕೆ ಬ್ಯಾಂಕಿನವರೇ 150 ಪೌಂಡ್ ಕೊಟ್ಟರು. ಆ ದುಡ್ಡಿನ ಆಸೆಗೆ ಪದೇ ಪದೇ ಬದಲಿಸುವುದು ನನಗೆ ಹಿಡಿಸುವುದಿಲ್ಲ. ಮನೆ ಸಾಲಕ್ಕೆ ಅರ್ಜಿ ಹಾಕುವ ಯೋಚನೆ ಇದ್ದರಂತೂ ಬೇಡ.

ಈಗ ಕಾನೂನೂ ಬದಲಾಗಿದೆ. 2019ರ ಡಿಸೆಂಬರ್‌ನಿಂದ ಓವರ್‌ಡ್ರಾಫ್ಟ್ ಸೇರಿಸಿ ನಿಮ್ಮ ದುಡ್ಡು ಅಂತ ತೋರಿಸುವ ಹಾಗಿಲ್ಲ. 2020ರ ಏಪ್ರಿಲ್‌ನಿಂದ ದಿನಕ್ಕಿಷ್ಟು ಅನ್ನುವ ಶುಲ್ಕವೂ ಇಲ್ಲ, ಬರೀ ವಾರ್ಷಿಕ ಬಡ್ಡಿ. ಮಿತಿ ಮೀರಿದವರಿಗೆ ಜಾಸ್ತಿ ಬಡ್ಡಿ ಹಾಕುವಂತೆಯೂ ಇಲ್ಲ. ನನಗಾದದ್ದು ಈಗ ಯಾರಿಗೂ ಆಗುವುದಿಲ್ಲ ಅನ್ನುವುದು ದೊಡ್ಡ ಸಮಾಧಾನ. ಆದರೆ ಅನೇಕ ಬ್ಯಾಂಕ್‌ಗಳ ದರ 40%ರ ಹತ್ತಿರ ಬಂದು ನಿಂತಿತು. 100 ಪೌಂಡ್ ಒಂದು ವಾರ ಮೈನಸ್ ಇದ್ದರೆ ಸುಮಾರು 65 ಪೆನ್ಸ್ ಅಷ್ಟೇ. 500 ಪೌಂಡ್ ವರ್ಷವಿಡೀ ಹಾಗೇ ಇದ್ದರೆ 200 ಪೌಂಡ್ ಹೋಗುತ್ತದೆ. ನಾನು ನಮ್ಮ ಖಾತೆಯ ಓವರ್‌ಡ್ರಾಫ್ಟ್ ಮಿತಿಯನ್ನು ಸೊನ್ನೆ ಮಾಡಿಸಿದ್ದೇನೆ. ಡೈರೆಕ್ಟ್ ಡೆಬಿಟ್‌ಗೆ ದುಡ್ಡು ಸಾಲದಿದ್ದರೆ ಬೆಳಿಗ್ಗೆಯೇ ಮೆಸೇಜ್ ಬರುತ್ತದೆ, ಮಧ್ಯಾಹ್ನದೊಳಗೆ ಹಾಕಿದರೆ ಆಯಿತು.

ವೀಸಾದಲ್ಲಿರುವವರಿಗೆ ಇನ್ನೊಂದು ಮಾತು. ಖಾತೆ ಮುಚ್ಚಿದ ಮೇಲೆ ಹಳೆಯ ಬ್ಯಾಂಕಿನ ಆ್ಯಪ್‌ಗೆ ನನಗೆ ಲಾಗಿನ್ ಆಗಲು ಆಗಲಿಲ್ಲ. ಐಎಲ್‌ಆರ್ (ಇಲ್ಲಿ ಕಾಯಂ ನೆಲೆಸಲು ಕೊಡುವ ಅನುಮತಿ) ಅರ್ಜಿಗೆ ಸಂಬಳ ಬಿದ್ದ ಸ್ಟೇಟ್‌ಮೆಂಟ್ ಬೇಕಾದಾಗ ಫೋನ್ ಮಾಡಿ, ಅಂಚೆಯಲ್ಲಿ ತರಿಸಿಕೊಳ್ಳಲು ಮೂರು ವಾರ ಹಿಡಿಯಿತು. ಎರಡನೇ ಸಲ ಬದಲಿಸುವ ಹಿಂದಿನ ರಾತ್ರಿ ಕೂತು ನಾಲ್ಕು ವರ್ಷದ ಎಲ್ಲ ಸ್ಟೇಟ್‌ಮೆಂಟ್‌ಗಳನ್ನೂ ಪಿಡಿಎಫ್ ಇಳಿಸಿಕೊಂಡೆ. ನೀವೂ ಸ್ವಿಚ್ ಬಟನ್ ಒತ್ತುವ ಮೊದಲು ಇಳಿಸಿಟ್ಟುಕೊಳ್ಳಿ.