ಕೊಕ್ಕರೆ ಬೆಳ್ಳೂರೋ, ರಂಗನತಿಟ್ಟೋ?

ಹಕ್ಕಿ ನೋಡಲು ಬೆಂಗಳೂರಿನಿಂದ ಒಂದೇ ದಿನ ಹೋಗಿ ಬರಬೇಕು, ಎರಡರಲ್ಲಿ ಒಂದೇ ಆರಿಸಬೇಕು ಅಂದರೆ ಮೊದಲು ಕ್ಯಾಲೆಂಡರ್ ನೋಡಿ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಫೆಬ್ರವರಿ, ಮಾರ್ಚ್ ಒಳ್ಳೆಯ ಸಮಯ. ಮಳೆಗಾಲದಲ್ಲಿ ಹೋದರೆ ಸುಮ್ನೆ ಊರು ನೋಡಿ ಬರಬೇಕಷ್ಟೆ. ಇಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಹುಣಸೆ, ಆಲದ ಮರಗಳಲ್ಲೇ ಗೂಡು ಕಟ್ಟುತ್ತವೆ. ಕತ್ತೆತ್ತಿದರೆ ಮರಿಗಳು ಕಾಣುತ್ತವೆ, ದೋಣಿ ಬೇಡ. ಹಿಕ್ಕೆ ಹೊಲಕ್ಕೆ ಗೊಬ್ಬರ. ಗೂಡಿನಿಂದ ಬಿದ್ದ ಮರಿಗಳನ್ನು ಊರಿನ ಹೆಜ್ಜಾರ್ಲೆ ಬಳಗದವರು ಸಾಕಿ ಬಿಡುತ್ತಾ ಬಂದಿದ್ದಾರೆ. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ವಾಸನೆ ಜೋರು, ಟೋಪಿ ಮರೆಯಬೇಡಿ! ಮತ್ತೆ, ಇದು ಜನರ ಮನೆಯಂಗಳ. ಕೇಳದೆ ಕ್ಯಾಮೆರಾ ತಿರುಗಿಸಬೇಡಿ.

ಶ್ರೀರಂಗಪಟ್ಟಣದ ಹತ್ತಿರದ ರಂಗನತಿಟ್ಟು ಕಾವೇರಿಯ ನಡುಗಡ್ಡೆಗಳ ಗುಂಪು. ಪಕ್ಷಿತಜ್ಞ ಸಲೀಂ ಅಲಿ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾಯಿತು. ಹಕ್ಕಿ ಜಾತಿಗಳು ಜಾಸ್ತಿ: ಬಾಯ್ಕಳಕ (ಓಪನ್‌ಬಿಲ್ ಕೊಕ್ಕರೆ), ಚಮಚ ಕೊಕ್ಕು, ಬೆಳ್ಳಕ್ಕಿ, ನೀರುಕಾಗೆ. ಬಂಡೆಯ ಮೇಲೆ ಮೊಸಳೆಯೂ ಸಿಗುತ್ತದೆ. ಟಿಕೆಟ್, ದೋಣಿ ಎಲ್ಲ ಉಂಟು. ಆದರೆ ಭಾನುವಾರ ಗದ್ದಲ, ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟರೆ ದೋಣಿ ಬಂದ್.

ಮಕ್ಕಳಿದ್ದರೆ, ಮೊದಲ ಸಲ ಹಕ್ಕಿ ನೋಡುವವರಾದರೆ ರಂಗನತಿಟ್ಟು ಸುಲಭ. ನನ್ನನ್ನು ಕೇಳಿದರೆ ಫೆಬ್ರವರಿಯಲ್ಲಿ ಬೆಳ್ಳೂರೇ. ಹಕ್ಕಿಯನ್ನು ಮನೆಮಗಳಂತೆ ನೋಡುವ ಊರು ಬೇರೆಲ್ಲಿ ಸಿಗುತ್ತದೆ, ಅಲ್ವಾ? ಬೆಳಿಗ್ಗೆ ಬೇಗ ಹೊರಡಿ, ತಿಂಡಿಗೆ ಮದ್ದೂರಿನಲ್ಲಿ ನಿಲ್ಲಿಸಬಹುದು.