ಜಗನ್ಮೋಹನ ಅರಮನೆಯ ಚಿತ್ರಶಾಲೆ: ದೀಪದ ಹುಡುಗಿಯ ಆಚೆಗೂ ನೋಡುವುದಿದೆ

ಮೈಸೂರಿನ ಜಗನ್ಮೋಹನ ಅರಮನೆಯೊಳಗಿನ ಜಯಚಾಮರಾಜೇಂದ್ರ ಚಿತ್ರಶಾಲೆಗೆ ಬರುವವರಲ್ಲಿ ಬಹಳ ಮಂದಿ ಒಂದೇ ಚಿತ್ರವನ್ನು ವಿಚಾರಿಸಿಕೊಂಡು ಬರುತ್ತಾರೆ: ಕೈಯಲ್ಲಿ ದೀಪ ಹಿಡಿದು ನಿಂತ ಹುಡುಗಿ. ಅದು ನೋಡಲೇಬೇಕಾದ ಚಿತ್ರವೇ. ಆದರೆ ಚಿನ್ನದ ರೇಕಿನ ಮೈಸೂರು ಚಿತ್ರಗಳು ಮತ್ತು ರವಿವರ್ಮನ ಎಣ್ಣೆಬಣ್ಣದ ಕೆಲಸಗಳ ಮುಂದೆ ಸ್ವಲ್ಪ ಹೊತ್ತು ನಿಂತು, ಆಮೇಲೆ ಅದರ ಬಳಿ ಹೋದರೆ ಅದು ಬೇರೆಯದೇ ಚಿತ್ರವಾಗಿ ಕಾಣುತ್ತದೆ. ಬೆಳಕನ್ನು ಚಿತ್ರದೊಳಕ್ಕೆ ತರುವ ಮೂರು ದಾರಿಗಳು ಇಲ್ಲಿ ಒಂದೇ ಸೂರಿನಡಿ ಇವೆ. ಚಿತ್ರಶಾಲೆಯ ನಿಜವಾದ ಸಂಪತ್ತು ಅದು ಎಂಬುದು ನಮ್ಮ ಅಭಿಪ್ರಾಯ.

ಕಟ್ಟಡದ ಬಗ್ಗೆ ಎರಡು ಮಾತು. ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ ಅರಮನೆ ಇದು. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋದಾಗ ರಾಜಮನೆತನ ಇಲ್ಲೇ ನೆಲೆಸಿತು. 1902ರಲ್ಲಿ ನಾಲ್ವಡಿಯವರ ಅಧಿಕಾರ ಸ್ವೀಕಾರವೂ ಇಲ್ಲೇ ನಡೆಯಿತು. ಚಿತ್ರಶಾಲೆಯಾದದ್ದು 1915ರಲ್ಲಿ. ಅಂದರೆ ಈ ಕೋಣೆಗಳು ಚಿತ್ರ ತೂಗುಹಾಕಲೆಂದು ಕಟ್ಟಿದವಲ್ಲ. ಕಿಟಕಿಯ ಬೆಳಕು ಬೀಳುವ ಕಡೆ ಗಾಜು ಹಾಕಿದ ಚಿತ್ರವಿದ್ದರೆ ಮೊದಲು ಕಾಣುವುದು ನಿಮ್ಮದೇ ನೆರಳು. ಹಾಗಾದಾಗ ನೇರವಾಗಿ ನಿಲ್ಲದೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ, ಪ್ರತಿಬಿಂಬ ತಪ್ಪುತ್ತದೆ. ಬಿಸಿಲು ಏರುವ ಮುನ್ನ, ಬೆಳಗ್ಗೆ ಬಾಗಿಲು ತೆರೆದ ಹೊತ್ತಿಗೇ ಹೋಗುವುದು ಮೇಲು. ದಸರೆಯ ದಿನಗಳಲ್ಲಿ ಊರೇ ತುಂಬಿರುತ್ತದೆ, ಮುಂಭಾಗದ ಸಭಾಂಗಣದಲ್ಲಿ ಕಾರ್ಯಕ್ರಮಗಳೂ ಇರುತ್ತವೆ. ಚಿತ್ರಕ್ಕೆಂದೇ ಬರುವವರು ಆ ಹತ್ತು ದಿನ ಬಿಟ್ಟು ಬನ್ನಿ.

ಒಳಗೆ ಪೀಠೋಪಕರಣ, ವಾದ್ಯಗಳು, ದಂತದ ಕೆಲಸ, ಫ್ರೆಂಚ್ ಗಡಿಯಾರ, ಅಕ್ಕಿಕಾಳಿನ ಮೇಲಿನ ಚಿತ್ರ ಎಲ್ಲವೂ ಇವೆ. ಮಕ್ಕಳು ಜೊತೆಗಿದ್ದರೆ ಗಡಿಯಾರದ ಬಳಿ ನಿಲ್ಲದೆ ಬಿಡುವುದಿಲ್ಲ, ನಿಲ್ಲಲಿ. ಆದರೆ ಎಲ್ಲವನ್ನೂ ನೋಡಿ ಮುಗಿಸುವ ಹಟ ಬೇಡ. ಎರಡು ಗಂಟೆ ಇಟ್ಟುಕೊಂಡು ಐದಾರು ಚಿತ್ರಗಳಿಗೆ ಮುಕ್ಕಾಲು ಪಾಲು ಸಮಯ ಕೊಡಿ.

ಮೊದಲು ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರಗಳು. ಹಲಗೆಗೆ ಕಾಗದವನ್ನೋ ಬಟ್ಟೆಯನ್ನೋ ಅಂಟಿಸಿ, ಹುಣಸೆ ಕಡ್ಡಿ ಸುಟ್ಟು ಮಾಡಿದ ಇದ್ದಿಲಿನಲ್ಲಿ ರೇಖೆ ಎಳೆದು, ಒಡವೆ ಮತ್ತು ಸೆರಗಿನ ಅಂಚು ಬರುವ ಕಡೆ ಸಫೇದ ಎಂಬ ಬಿಳಿ ಪುಡಿ ಮತ್ತು ಗೋಂದು ಕಲಸಿದ ಸರಿಯನ್ನು ಸಣ್ಣ ಕುಂಚದಿಂದ ಎಳೆಎಳೆಯಾಗಿ ಉಬ್ಬಿಸುತ್ತಾರೆ. ಅದರ ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ತಂಜಾವೂರಿನ ಚಿತ್ರದಲ್ಲಿ ಈ ಉಬ್ಬು ದಪ್ಪ, ಮೇಲೆ ಗಾಜಿನ ಹರಳೂ ಇರುತ್ತದೆ. ಮೈಸೂರಿನದು ಅಷ್ಟು ತೆಳು, ಎದುರು ನಿಂತರೆ ಉಬ್ಬು ಇದೆಯೆಂದೇ ತಿಳಿಯುವುದಿಲ್ಲ. ತಿಳಿಯಬೇಕಾದರೆ ಚಿತ್ರದ ಪಕ್ಕಕ್ಕೆ ಬಂದು, ಮೊಣಕಾಲು ಸ್ವಲ್ಪ ಬಗ್ಗಿಸಿ, ಕೆಳಗಿನಿಂದ ನಿಧಾನಕ್ಕೆ ಮೇಲೇಳಿ. ಒಂದು ಹಂತದಲ್ಲಿ ಕಿರೀಟ, ಆಮೇಲೆ ಸರ, ಆಮೇಲೆ ಸೀರೆಯ ಅಂಚು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ. ಈ ಚಿನ್ನ ಮಿನುಗುವುದು ಎಣ್ಣೆದೀಪದ ಅಲುಗುವ ಬೆಳಕಿನಲ್ಲಿ. ವಿದ್ಯುದ್ದೀಪ ಅಲುಗುವುದಿಲ್ಲವಾದ್ದರಿಂದ ನೋಡುವವರೇ ಅಲುಗಬೇಕು. ಅಲ್ಲಲ್ಲಿ ಚಿನ್ನ ಕಿತ್ತು ಕೆಳಗಿನ ಮಾಸಲು ಬಿಳುಪು ಕಂಡರೆ ಬೇಸರಪಡದೆ ಗಮನಿಸಿ. ಮಳೆಗಾಲದ ತೇವಕ್ಕೆ ಹಲಗೆ ಹಿಗ್ಗಿ, ಬೇಸಗೆಯಲ್ಲಿ ಕುಗ್ಗುತ್ತದೆ. ಗಡುಸಾದ ಸಫೇದ ಅದರ ಜೊತೆ ಹಿಗ್ಗಲಾರದೆ ಬಿರಿಯುತ್ತದೆ. ಚಿತ್ರ ಹೇಗೆ ಪದರ ಪದರವಾಗಿ ಎದ್ದಿದೆ ಎಂಬುದು ಆ ಬಿರುಕಿನಲ್ಲೇ ಚೆನ್ನಾಗಿ ಕಾಣುವುದು.

ಮೇಲಿನ ರಂಗಮಹಲಿನ ಗೋಡೆಗಳಲ್ಲಿ ದಸರಾ ಮೆರವಣಿಗೆ, ಒಡೆಯರ ವಂಶಾವಳಿಯನ್ನು ತಾವರೆಯಾಗಿ ಬಿಡಿಸಿದ ಸಂತಾನಾಂಬುಜ, ಮುಮ್ಮಡಿಯವರು ಪ್ರೀತಿಯಿಂದ ರೂಪಿಸಿದ ಮಣೆಯಾಟಗಳ ಚೌಕಗಳು ಇವೆ. ಆ ಭಾಗ ತೆರೆದಿದೆಯೇ ಎಂದು ಟಿಕೆಟ್ ಕೊಳ್ಳುವಾಗಲೇ ಕೇಳಿಕೊಳ್ಳಿ. ತೆರೆದಿದ್ದರೆ ಮೆರವಣಿಗೆಯನ್ನು ದೂರದಿಂದ ಒಟ್ಟಾಗಿ ನೋಡಲು ಹೋಗಬೇಡಿ. ಅದು ಒಂದೇ ಕಣ್ಣಿನ ನೋಟಕ್ಕೆ ಬರೆದದ್ದಲ್ಲ. ಸಾಲು ಹಿಡಿದು, ಮೆರವಣಿಗೆ ಸಾಗುವ ದಿಕ್ಕಿನಲ್ಲೇ ನಡೆಯುತ್ತಾ ಓದಬೇಕಾದದ್ದು.

ಇನ್ನು ರವಿವರ್ಮ. ನಮ್ಮ ಮನೆಗಳ ಲಕ್ಷ್ಮಿ ಸರಸ್ವತಿಯರ ಮೂಲಕ ಅವನನ್ನು ಬಲ್ಲವರೇ ಎಲ್ಲರೂ. ಅವೆಲ್ಲ 1894ರಲ್ಲಿ ಮುಂಬೈಯಲ್ಲಿ ಶುರುವಾದ ಅವನ ಮುದ್ರಣಾಲಯದ ಕಲ್ಲಚ್ಚಿನಿಂದ ಹರಡಿದವು, ಆಮೇಲೆ ಅವುಗಳ ನಕಲಿನ ನಕಲು. ಹಾಗಾಗಿ ಮೂಲ ಚಿತ್ರದ ಮುಂದೆ ನಿಂತಾಗ ‘ಇಷ್ಟು ಕಪ್ಪಗಿದೆಯಲ್ಲ’ ಎನಿಸುವುದು ಸಹಜ. ಎಣ್ಣೆಬಣ್ಣದ ಮೇಲೆ ಬಳಿದ ವಾರ್ನಿಷ್ ದಶಕಗಳಲ್ಲಿ ಹಳದಿಗೆ, ಕಂದಿಗೆ ತಿರುಗುತ್ತದೆ. ಬಿಳಿ ಸೀರೆ ಕಾಫಿ ಕಲೆಯಾದಂತೆ ಕಾಣುತ್ತದೆ. ಕಣ್ಣಿಗೆ ಎರಡು ನಿಮಿಷ ಕೊಡಿ, ಕತ್ತಲ ಭಾಗದಿಂದ ವಿವರಗಳು ಎದ್ದು ಬರುತ್ತವೆ.

1889ರ ವಾದ್ಯಗಾರ್ತಿಯರ ಚಿತ್ರಕ್ಕೆ ಹೆಚ್ಚು ಸಮಯ ಇಡಿ. ಚಾಮರಾಜೇಂದ್ರ ಒಡೆಯರಿಗಾಗಿ ಬರೆದದ್ದು; ಬೇರೆ ಬೇರೆ ಪ್ರಾಂತ್ಯದ ಉಡುಗೆಯಲ್ಲಿ ಹನ್ನೊಂದು ಹೆಂಗಸರು ಒಟ್ಟಿಗಿದ್ದಾರೆ. ಚಿತ್ರದ ಒಂದು ಮೂಲೆಯಿಂದ ಎದುರು ಮೂಲೆಗಿರುವಷ್ಟು ದೂರದಲ್ಲಿ ಒಮ್ಮೆ ನಿಲ್ಲಿ, ಒಟ್ಟು ಗುಂಪು ಕಾಣುತ್ತದೆ. ಆಮೇಲೆ ಕಾವಲುಗಾರರು ಬಿಡುವಷ್ಟು ಹತ್ತಿರಕ್ಕೆ ಹೋಗಿ ಒಂದು ಒಡವೆಯನ್ನೇ ನೋಡಿ. ಚಿನ್ನದ ರೇಕು ಅಲ್ಲಿಲ್ಲ. ಕಂದು, ಅದರ ಪಕ್ಕ ಮಣ್ಣಿನ ಹಳದಿ, ತುದಿಯಲ್ಲಿ ಬಿಳಿಗೆ ಸಮೀಪದ ಒಂದೇ ಒಂದು ಚುಕ್ಕೆ, ಇಷ್ಟೇ. ಹಿಂದೆ ಸರಿದರೆ ಅದೇ ಮತ್ತೆ ಬಂಗಾರ. ಈಗ ಕಣ್ಣುಗಳನ್ನು ಹಿಂಬಾಲಿಸಿ: ಯಾರು ಯಾರನ್ನು ನೋಡುತ್ತಿದ್ದಾರೆ? ಒಬ್ಬರ ವಾದನವನ್ನು ಇನ್ನೊಬ್ಬರು ಕೇಳುತ್ತಿರುವಂತೆ ನಮಗಂತೂ ಕಾಣುವುದಿಲ್ಲ. ಬಿಡಿ ಬಿಡಿ ಭಾವಚಿತ್ರಗಳನ್ನು ಒಂದೇ ಜಮಖಾನೆಯ ಮೇಲೆ ಕೂರಿಸಿದಂತಿದೆ. ‘ಭಾರತ’ ಎಂಬುದನ್ನು ಸೀರೆ, ಮುಂಡು, ಮುಖಗಳ ಪಟ್ಟಿಯಾಗಿ ಕಟ್ಟಿಕೊಳ್ಳುವ ಹವಣಿಕೆ ಇದೆಂದು ಓದಬಹುದು. ಒಪ್ಪದವರು ಚಿತ್ರದೊಳಗಿನಿಂದಲೇ ಉತ್ತರ ಹುಡುಕಲಿ. ಜಟಾಯುವಿನ ರೆಕ್ಕೆ ಕತ್ತರಿಸುವ ರಾವಣನ ಚಿತ್ರದಲ್ಲಿ ಹೀಗಲ್ಲ. ಅಲ್ಲಿ ಎಲ್ಲ ಚಲನೆಯೂ ಒಂದೇ ಘಟನೆಗೆ ಕಟ್ಟುಬಿದ್ದಿದೆ, ಸೀತೆ ಮುಖ ಮುಚ್ಚಿಕೊಂಡದ್ದೂ ಸೇರಿ.

ಕೊನೆಗೆ ದೀಪದ ಹುಡುಗಿ. ಎರಡು ತಪ್ಪು ತಿಳಿವಳಿಕೆ ಹೊರಗೇ ಬಿಟ್ಟು ಬನ್ನಿ. ಇದು ರವಿವರ್ಮನದಲ್ಲ, ಸಾವಂತವಾಡಿಯ ಎಸ್. ಎಲ್. ಹಲ್ದಣಕರ್ 1945–46ರಲ್ಲಿ ಬರೆದದ್ದು. ಮಾದರಿಯಾಗಿ ನಿಂತವರು ಅವರ ಮಗಳು ಗೀತಾ. ಮತ್ತೆ ಇದು ಎಣ್ಣೆಬಣ್ಣವಲ್ಲ, ಜಲವರ್ಣ. ಎರಡನೆಯದು ಗೊತ್ತಿಲ್ಲದಿದ್ದರೆ ಚಿತ್ರದ ಅರ್ಧ ಬೆಲೆಯೇ ಗೊತ್ತಾಗುವುದಿಲ್ಲ. ಪಾರದರ್ಶಕ ಜಲವರ್ಣದಲ್ಲಿ ಬೆಳಕನ್ನು ಮೇಲೆ ಬಳಿಯಲಾಗದು. ಅತಿ ಪ್ರಕಾಶದ ಜಾಗದಲ್ಲಿ ಹೊಳೆಯುವುದು ತೆಳು ಬಣ್ಣದಡಿಯ ಕಾಗದವೇ. ಕತ್ತಲನ್ನು ಸುತ್ತಲೂ ಪದರವಾಗಿ ಕಟ್ಟುತ್ತಾ ಬೆಳಕಿನ ಜಾಗವನ್ನು ಮೊದಲಿನಿಂದಲೂ ಕಾಪಾಡಿಕೊಂಡು ಬರಬೇಕು; ಒಮ್ಮೆ ಬಣ್ಣ ಹರಿದು ಒಳನುಗ್ಗಿದರೆ ಮೊದಲಿನ ಬಿಳುಪು ಹಿಂದಿರುಗುವುದು ಕಷ್ಟ.

ನೋಡುವ ಕ್ರಮ ಹೀಗಿರಲಿ. ಆರೇಳು ಅಡಿ ದೂರ ನಿಂತು, ಒಂದು ಕಣ್ಣು ಮುಚ್ಚಿ, ಕೈ ಚಾಚಿ ಹೆಬ್ಬೆರಳಿನಿಂದ ದೀಪವನ್ನು ಮರೆಮಾಡಿ. ಮುಖದ ಹೊಳಪು ಆರುವುದಿಲ್ಲ. ಬೆಳಕು ಜ್ವಾಲೆಯಲ್ಲಿಲ್ಲ, ಗಲ್ಲ, ಕೆಳತುಟಿ, ಬೆರಳ ಸಂದಿನ ಕೆಂಪು, ಇವುಗಳ ಲೆಕ್ಕಾಚಾರದಲ್ಲಿದೆ ಎಂದು ಆಗ ತಿಳಿಯುತ್ತದೆ. ಬೆರಳುಗಳ ಅಂಚು ಕೆಂಪಗಾಗಿರುವುದು ಚರ್ಮದೊಳಗಿಂದ ಬೆಳಕು ಹಾದು ಬಂದಾಗ ಆಗುವ ಬಣ್ಣ; ಕೈಯಡ್ಡ ಹಿಡಿದು ದೀಪ ಒಯ್ದವರಿಗೆಲ್ಲ ಅದು ಗೊತ್ತು.

ಇಂಥ ಚಿತ್ರಕ್ಕೆ ಮಬ್ಬು ಬೆಳಕೇ ಸರಿ, ಅದು ಬರೀ ನಾಟಕೀಯತೆಗಲ್ಲ. ಜಲವರ್ಣ ಬೆಳಕಿಗೆ ಬೇಗ ಮಾಸುತ್ತದೆ. ಸಂಗ್ರಹಾಲಯಗಳು ಎಣ್ಣೆಬಣ್ಣಕ್ಕೆ ಸುಮಾರು 200 ಲಕ್ಸ್ (ಬೀಳುವ ಬೆಳಕಿನ ಅಳತೆ) ಇಟ್ಟರೆ ಜಲವರ್ಣಕ್ಕೆ 50ರ ಆಸುಪಾಸು ಇಡುತ್ತವೆ. ಮೊಬೈಲಿನ ಟಾರ್ಚ್ ಹಾಕಬೇಡಿ. ಫೋಟೋ ನಿಷೇಧವನ್ನೂ ಕಿರಿಕಿರಿ ಎಂದುಕೊಳ್ಳಬೇಡಿ. ಒಂದು ಪುಟ್ಟ ಪುಸ್ತಕ, ಪೆನ್ಸಿಲ್ ಇದ್ದರೆ ಸಾಕು: ಒಂದೊಂದು ಚಿತ್ರಕ್ಕೆ ಬೆಳಕು ಎಲ್ಲಿಂದ, ಮೊದಲು ಕಣ್ಣು ಬಿದ್ದದ್ದು ಎಲ್ಲಿ, ಆಮೇಲೆ ಎಲ್ಲಿಗೆ ಹೋಯಿತು ಎಂದು ಮೂರು ಸಾಲು. ಚಿತ್ರದ ಹೆಸರು, ವರ್ಷ ಕೊನೆಗೆ ಬರೆದುಕೊಳ್ಳಿ. ಹೆಸರು ಓದಿದ ಕೂಡಲೇ ಕಣ್ಣು ಕೆಲಸ ನಿಲ್ಲಿಸಿ ಕಥೆ ಹುಡುಕತೊಡಗುತ್ತದೆ, ಪುರಾಣಚಿತ್ರಗಳಲ್ಲಂತೂ ಖಂಡಿತ.

ಮಧ್ಯಾಹ್ನ ಬಿಡುವಿದ್ದರೆ ಹತ್ತಿರದಲ್ಲೇ ಇರುವ ದೊಡ್ಡ ಅರಮನೆಯ ಕಲ್ಯಾಣ ಮಂಟಪಕ್ಕೆ ಹೋಗಿ. ಅಲ್ಲೂ ದಸರಾ ಮೆರವಣಿಗೆಯಿದೆ: 1934ರಿಂದ 1945ರವರೆಗೆ ಬರೆದ 26 ಚಿತ್ರಗಳು, ಅವುಗಳಿಗೆ ಆಧಾರ ಛಾಯಾಚಿತ್ರಗಳು. ರಂಗಮಹಲಿನ ಗೋಡೆ ಕಣ್ಣಲ್ಲಿರುವಾಗಲೇ ನೋಡಿದರೆ ವ್ಯತ್ಯಾಸ ಢಾಳಾಗಿ ಕಾಣುತ್ತದೆ. ರಂಗಮಹಲಿನಲ್ಲಿ ನಾವು ಮೆರವಣಿಗೆಯ ಜೊತೆ ನಡೆಯುತ್ತೇವೆ, ಕಲ್ಯಾಣ ಮಂಟಪದಲ್ಲಿ ರಸ್ತೆಬದಿಯ ಒಂದು ಜಾಗದಲ್ಲಿ ನಿಂತು ನೋಡುತ್ತೇವೆ.